ಗುಂಪಿನಲ್ಲಿ ಮುಟ್ಟಿದವಳು

ಎಪ್ಪತ್ತರ ದಶಕ. ರಾಜಾಜಿನಗರದ ನಮ್ಮ ಮನೆಯಲ್ಲಿ ಮುಟ್ಟಾಗಿ ಹೊರಗಾದವಳಿಗೆ ಹಿತ್ತಿಲ ಕಡೆಯ ಕೋಣೆಯೇ ಗತಿ. ಮೂರು ದಿನ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಅಜ್ಜಿ ಬಾಗಿಲಾಚೆ ನಿಂತು, ಎಲ್ಲೂ ತಾಗದ ಹಾಗೆ ಎತ್ತರದಿಂದ ಲೋಟಕ್ಕೆ ಕಾಫಿ ಹುಯ್ಯುತ್ತಿದ್ದರು. ಕಾಲೇಜಿಗೆ ಹೋಗುವ ಹಾಗಿಲ್ಲ. ಪುಸ್ತಕವೆಂದರೆ ಸರಸ್ವತಿ, ಅದನ್ನೂ ಮುಟ್ಟುವ ಹಾಗಿಲ್ಲ. ಎಂ.ಎ. ಓದುವ ಹುಡುಗಿ ಗೋಡೆ ನೋಡುತ್ತ ಕೂರಬೇಕು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಬಿನ್ನಿಪೇಟೆಯ ಕ್ರಿಶ್ಚಿಯನ್ ಗೆಳತಿಯೊಬ್ಬಳು ಕನ್ನಡ ಬೈಬಲ್ ಕೊಟ್ಟಳು. ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತೀರ್ಪು ಕೊಟ್ಟೇಬಿಟ್ಟರು. "ಇದು ನಮ್ಮ ಸರಸ್ವತಿ ಅಲ್ವಲ್ಲೇ. ಇದಕ್ಕೇನು ಮೈಲಿಗೆ? ಹೊರಗೆ ಕೂತಾಗ ಓದ್ಕೋ."

ಅಜ್ಜಿ ಎಡವಿದ್ದು ಅಲ್ಲೇ. ಆ ಚಾಪೆಯ ಮೇಲೆ ಕೂತು ಓದುವಾಗ ಹನ್ನೆರಡು ವರ್ಷ ರಕ್ತ ನಿಲ್ಲದ ಹೆಂಗಸೊಬ್ಬಳು ನನಗೆ ಸಿಕ್ಕಳು. ನನ್ನ ಹಾಗೇ ಯಾರನ್ನೂ ಮುಟ್ಟಬಾರದವಳು. ಅವಳು ಗುಂಪಿನಲ್ಲಿ ನುಗ್ಗಿ, ಹಿಂದಿನಿಂದ ಯೇಸುವಿನ ಬಟ್ಟೆ ಮುಟ್ಟಿಬಿಡುತ್ತಾಳೆ.

ಕಥೆಯನ್ನು ನಾವು ಯಾರ ಕಣ್ಣಿಂದ ನೋಡುತ್ತೇವೆ ಎನ್ನುವುದೇ ನನ್ನ ಎಂ.ಎ. ಪ್ರಬಂಧದ ವಿಷಯವಾಯಿತು. ಅದರಲ್ಲಿ ಇವಳಿಗೇ ಒಂದು ಅಧ್ಯಾಯ. ಬೈಬಲಿನಲ್ಲಿ ಅವಳಿಗಿಂತ ಮುಂಚೆ ದೊಡ್ಡ ಮನುಷ್ಯನೊಬ್ಬ ಬರುತ್ತಾನೆ, ಯೇಸುವಿನ ಕಾಲಿಗೆ ಬೀಳುತ್ತಾನೆ, ಸಾಯುತ್ತಿರುವ ಮಗಳನ್ನು ಉಳಿಸೆಂದು ಬೇಡಿಕೊಳ್ಳುತ್ತಾನೆ. ಎಲ್ಲವೂ ಗುಂಪಿನಲ್ಲಿ ನಿಂತವರಿಗೆ ಕಾಣುವಂಥದ್ದು. ಅವನ ಎದೆಯೊಳಗೆ ಕಥೆ ಇಣುಕುವುದಿಲ್ಲ. ಈ ಹೆಂಗಸು ಬಂದದ್ದೇ ತಡ, ಕಥೆ ಅವಳೊಳಗೆ ಹೊಕ್ಕುಬಿಡುತ್ತದೆ. ವೈದ್ಯರ ಕೈಯಲ್ಲಿ ಪಟ್ಟ ಪಾಡು, ಬಟ್ಟೆ ಮುಟ್ಟಿದರೂ ಸಾಕೆಂದು ಮನಸ್ಸಿನಲ್ಲೇ ಅಂದುಕೊಂಡ ಮಾತು, ಮುಟ್ಟಿದೊಡನೆ ರಕ್ತ ನಿಂತದ್ದು ಮೈಗೆ ತಿಳಿದದ್ದು, ಇವು ಯಾವ ಕಣ್ಣಿಗೂ ಕಾಣುವಂಥವಲ್ಲ. ತನ್ನಿಂದ ಶಕ್ತಿ ಹೊರಟದ್ದು ಯೇಸುವಿಗೆ ತಿಳಿಯುವುದೂ ಆಮೇಲೆ. ಯಾರು ಮುಟ್ಟಿದ್ದೆಂದು ಅವನು ಕೇಳಿದಾಗ ಉತ್ತರ ಗೊತ್ತಿರುವುದು ಅವಳಿಗೆ ಮತ್ತು ಓದುವ ನಮಗೆ. ಅವಳು ನಡುಗುತ್ತ ಮುಂದೆ ಬಂದು ನಿಜ ಹೇಳುತ್ತಾಳೆ.

ನನ್ನ ಮೇಷ್ಟ್ರು ಓದಿ ಮುಖ ಕಿವುಚಿದರು. "ಅಲ್ಲಮ್ಮಾ, ಅಷ್ಟು ದೊಡ್ಡ ಪುಸ್ತಕದಲ್ಲಿ ನಿನಗೆ ಇದೇ ಸಿಕ್ತಾ? ಹೊರಗಿನ ಪರೀಕ್ಷಕರ ಮುಂದೆ ಮುಟ್ಟು ಗಿಟ್ಟು ಅಂತ ಮಾತಾಡ್ತೀಯಾ? ಈ ಅಧ್ಯಾಯ ತೆಗಿ."

"ತೆಗೆಯಲ್ಲ ಸಾರ್."

"ಫೇಲಾದ್ರೆ ನನ್ನ ಹತ್ರ ಅಳ್ತಾ ಬರಬೇಡ" ಎಂದು ಸಹಿ ಗೀಚಿದರು. ಫೇಲಾದರೆ ಓದಿಗೆ ಪೂರ್ಣವಿರಾಮ ಎಂದು ಮನೆಯಲ್ಲೂ ಹೇಳಿಯಾಗಿತ್ತು. ಆದರೂ ಆ ಹೆಂಗಸನ್ನು ನಾನು ಬಿಟ್ಟುಕೊಡಲಿಲ್ಲ.

ಮೌಖಿಕ ಪರೀಕ್ಷೆಯ ದಿನವೇ ಹೊರಗಾಗಬೇಕೆ! ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಇವತ್ತು ಹೊಸ್ತಿಲು ದಾಟಿದ್ರೆ ನೋಡು."

"ನೋಡ್ತಾ ಇರಿ ಅಜ್ಜಿ" ಎಂದು ಪಕ್ಕದಿಂದ ನುಸುಳಿ ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಡಿ ಉಟ್ಟವರು, ಹೂ ಮುಡಿದವರು, ಎಲ್ಲರಿಗೂ ಒತ್ತಿಕೊಂಡೇ ನಿಂತೆ.

ಪರೀಕ್ಷಕರು ವಯಸ್ಸಾದವರು. ಕನ್ನಡಕ ಒರೆಸುತ್ತ ಕೇಳಿದರು, "ಅಷ್ಟು ಜನ ಮೈಗೆ ಮೈ ತಾಗಿಸಿ ನಿಂತಿದ್ದಾರೆ. ಅವಳ ಸ್ಥಿತಿ ಗುಂಪಿಗೆ ಗೊತ್ತಾಗಲಿಲ್ಲ ಅಂತ ಹೇಗೆ ಹೇಳ್ತೀರಿ?"

ಮೇಷ್ಟ್ರು ಕಣ್ಣಿನಲ್ಲೇ ಬೇಡ ಎಂದರು. ನನಗೆ ಹಟ ಬಂತು.

"ಸಾರ್, ನಾನು ಈಗ ರಶ್ ಬಸ್ಸಲ್ಲಿ ಬಂದೆ. ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಈ ರೂಮಲ್ಲೂ ಯಾರಿಗೂ ಗೊತ್ತಾಗಿಲ್ಲ. ಗೊತ್ತಿರೋದು ನನಗೊಬ್ಬಳಿಗೇ. ಆ ಕಥೆ ನಿಂತಿರೋದು ಅವಳಿಗೊಬ್ಬಳಿಗೇ ಗೊತ್ತಿರೋ ಆ ಜಾಗದಲ್ಲಿ."

ಮೇಷ್ಟ್ರು ತಲೆ ತಗ್ಗಿಸಿದರು. ಪರೀಕ್ಷಕರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. ಆಮೇಲೆ, "ಆ ಅಧ್ಯಾಯ ಹಾಗೇ ಇರಲಿ" ಎಂದು ಪುಟ ತಿರುಗಿಸಿದರು. ನಾನು ಗೆದ್ದಿದ್ದೆ.

ಸಂಜೆ ಮನೆಗೆ ಬಂದಾಗ ಅಜ್ಜಿ ಮುಖ ಗಂಟಿಕ್ಕಿಕೊಂಡು ಹಿತ್ತಿಲ ಕೋಣೆಯತ್ತ ಬೆರಳು ತೋರಿಸಿದರು. ಹೋದೆ. ಕಾಫಿ ಪಾತ್ರೆ ಹಿಡಿದು ಬಂದು, ಎಂದಿನಂತೆ ಕೈ ಮೇಲೆತ್ತಿದರು. ನಾನು ಲೋಟ ಎತ್ತಿಕೊಳ್ಳಲಿಲ್ಲ. ಎದ್ದು ಹೋಗಿ ಅವರ ಕೈಯನ್ನೇ ಹಿಡಿದೆ.

"ಅಯ್ಯಯ್ಯೋ! ಮುಟ್ಟಿಬಿಟ್ಯಲ್ಲೇ!"

 ನಾನು ಕೈ ಬಿಡಲಿಲ್ಲ.

"ಹೌದು ಅಜ್ಜಿ. ನಾನೇ ಮುಟ್ಟಿದ್ದು."