ನದಿ ದಾಟಲು ಬರೆದುಕೊಟ್ಟ ಅರ್ಜಿ

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿರಲಿಲ್ಲ. ಮೈಸೂರಿನಲ್ಲಿ ಓದುತ್ತಿದ್ದಾಗಲೇ ರೇಷನ್ ಕಾರ್ಡಿನಿಂದ ಹಿಡಿದು ವರ್ಗಾವಣೆಯವರೆಗೆ ಅಕ್ಕಪಕ್ಕದವರ ಅರ್ಜಿಗಳನ್ನೆಲ್ಲ ನಾನೇ ಬರೆದುಕೊಡುತ್ತಿದ್ದೆ. ಅರ್ಜಿದಾರ ಹುಟ್ಟಿದ್ದು ಎಲ್ಲಿ, ಓದಿದ್ದು ಎಷ್ಟು, ಬಿಟ್ಟಿದ್ದು ಯಾವಾಗ, ಮನೆಯಲ್ಲಿ ದುಡಿಯುವವರು ಯಾರು, ಎಲ್ಲವನ್ನೂ ಸಾಲಾಗಿ ನಿವೇದಿಸಿಕೊಂಡು ಕೊನೆಗೆ ‘ತಮ್ಮ ವಿಧೇಯ’ ಎಂದು ಮುಗಿಸಿದರೆ ಎಂಥ ಗುಮಾಸ್ತನೂ ತಲೆದೂಗಬೇಕು. ಏನನ್ನೂ ಮುಚ್ಚಿಡಬಾರದು ಎಂಬುದು ನನ್ನ ಮೊದಲ ನಿಯಮ. ಈ ವಿದ್ಯೆಯನ್ನು ಅಮೆರಿಕಕ್ಕೂ ಹೊತ್ತುಕೊಂಡು ಬಂದೆ. ಇಲ್ಲಿ ಬರೆದ ಒಂದು ಅರ್ಜಿಯ ವಿಷಯವನ್ನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ಹೆಂಡತಿಗೆ ಗೊತ್ತು, ಅಷ್ಟೆ.

ಅರವತ್ತರ ದಶಕದ ಕೊನೆ. ನಾವು ಡೆಟ್ರಾಯಿಟ್ ಪಕ್ಕದಲ್ಲಿ ಒಂದು ಸಣ್ಣ ಇಟ್ಟಿಗೆಯ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಲ್ಲುವ ಎಂಜಿನಿಯರ್. ಮಗಳಿಗೆ ನಾಲ್ಕು ವರ್ಷ. ಪಕ್ಕದ ಮನೆಯಲ್ಲಿ ಒಬ್ಬ ವಿಧವೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅವಳಿಗೆ ಒಬ್ಬನೇ ಮಗ, ಇಪ್ಪತ್ತು ತುಂಬಿರಲಿಲ್ಲ. ಹಿಮದಲ್ಲಿ ಗಾಡಿ ಓಡಿಸುವುದನ್ನು ನನಗೆ ಕಲಿಸಿದವನು ಅವನೇ. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನನ್ನ ಪಕ್ಕ ಕೂತು, ಬ್ರೇಕ್ ಒತ್ತಬೇಡಿ, ಜಾರುವ ಕಡೆಗೇ ಸ್ಟಿಯರಿಂಗ್ ತಿರುಗಿಸಿ ಎಂದು ನಗುನಗುತ್ತ ಹೇಳುತ್ತಿದ್ದ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವನಾದರೂ ಒಮ್ಮೆಯೂ ನನ್ನನ್ನು ಗೇಲಿ ಮಾಡಲಿಲ್ಲ.

ಆಗ ಯುದ್ಧದ ಕಾಲ. ಆ ವಯಸ್ಸಿನ ಹುಡುಗರ ಹೆಸರೆಲ್ಲ, ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವ ಡ್ರಾಫ್ಟ್ ಬೋರ್ಡಿನಲ್ಲಿ ಇರುತ್ತಿತ್ತು. ಕಾಲೇಜಿನಲ್ಲಿ ಓದುತ್ತಿರುವ ತನಕ ಬಿಡುತ್ತಿದ್ದರು, ಓದು ಬಿಟ್ಟರೆ ಸೈನ್ಯಕ್ಕೆ ಕರೆ. ಡೆಟ್ರಾಯಿಟ್ ನದಿಯ ಆಚೆ ದಡವೇ ಕೆನಡಾ, ಸೇತುವೆ ದಾಟಿದರೆ ವಿಂಡ್ಸರ್ ಊರು. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ. ಹಿಂದಿನ ಮಹಾಯುದ್ಧಕ್ಕೆ ಹೋಗಿ ಬಂದಿದ್ದ ಸಹೋದ್ಯೋಗಿಯೊಬ್ಬ, ಡ್ರಾಫ್ಟಿನಲ್ಲಿ ಹೆಸರಿರುವವರು ದೇಶ ಬಿಡಬೇಕಾದರೆ ಬೋರ್ಡಿನ ಅನುಮತಿ ಬೇಕು ಎಂಬ ನಿಯಮವಿದೆ, ಅದನ್ನು ಸಡಿಲ ಬಿಟ್ಟಿದ್ದಾರೆ, ಇನ್ನೂ ಬಿಟ್ಟರೆ ಒಬ್ಬ ಹುಡುಗನೂ ಉಳಿಯುವುದಿಲ್ಲ, ಎಲ್ಲ ಪಕ್ಕದ ದೇಶಕ್ಕೆ ಹೋಗಿ ಕೂರುತ್ತಾರೆ ಎಂದು ಮೇಜು ಗುದ್ದುತ್ತಿದ್ದ.

ಇಂಥ ಕಡೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ನಮ್ಮ ದೇಶದ ವಿಷಯ ಹೇಳಿದೆ. ನಮ್ಮಲ್ಲಿ ಪಾಸ್‌ಪೋರ್ಟ್ ಸಿಕ್ಕರೂ ಸಾಲದು, ರಿಸರ್ವ್ ಬ್ಯಾಂಕಿನಿಂದ ಪಿ ಫಾರ್ಮ್ ಎಂಬ ಅನುಮತಿ ಆಗದೆ ವಿಮಾನದ ಟಿಕೆಟ್ಟೇ ಕೊಡುವುದಿಲ್ಲ, ಕನ್ನಂಬಾಡಿ ಕಟ್ಟೆಯ ಗೇಟಿನ ಹಾಗೆ ಎಷ್ಟು ಬೇಕೋ ಅಷ್ಟೇ ಬಿಡುತ್ತಾರೆ, ನಾನೂ ಸಾಲಿನಲ್ಲಿ ನಿಂತು ಕ್ರಮವಾಗಿಯೇ ಬಂದವನು ಎಂದೆ. ಆತ ನನ್ನ ಬೆನ್ನು ತಟ್ಟಿ, ನೋಡಿ, ಹೊರಗಿನಿಂದ ಬಂದವರಿಗೆ ಇರುವ ಬುದ್ಧಿ ನಮ್ಮವರಿಗಿಲ್ಲ ಎಂದ. ನಾನು ಉಬ್ಬಿಹೋದೆ.

ನಾನು ಹೇಳಿದ್ದು ಸುಳ್ಳು. ನನ್ನ ಪಿ ಫಾರ್ಮ್ ಯಾವ ಸಾಲಿನಲ್ಲಿಯೂ ನಿಲ್ಲಲಿಲ್ಲ. ನನ್ನ ಮಾವನವರಿಗೆ ಬೆಂಗಳೂರಿನಲ್ಲಿ ಒಬ್ಬ ಅಧಿಕಾರಿಯ ಪರಿಚಯವಿತ್ತು. ಒಂದು ಬುಟ್ಟಿ ರಸಪುರಿ ಮಾವಿನಹಣ್ಣಿನ ಜೊತೆ ಅವರ ಮನೆಗೆ ಹೋಗಿ ಬಂದರು, ಕಾಗದ ಆ ವಾರವೇ ಆಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಗಾದೆಯೇ ಇದೆಯಲ್ಲ, ಮಾವಿನಹಣ್ಣನ್ನು ನಾನು ಮರೆತಿದ್ದೆ. ನಿಜವಾಗಿಯೂ ಕ್ರಮವಾಗಿ ಬಂದೆ ಎಂದೇ ನಂಬಿಬಿಟ್ಟಿದ್ದೆ.

ಆ ಅಕ್ಟೋಬರಿನ ಒಂದು ಶನಿವಾರ ಹಿತ್ತಲಿನಲ್ಲಿ ಎಲೆ ಗುಡಿಸುತ್ತಿದ್ದೆ. ಪಕ್ಕದ ಮನೆಯವಳು ಬೇಲಿಯ ಹತ್ತಿರ ಬಂದು ನಿಂತಳು. ಮಾತು ಎಲ್ಲಿಂದ ಶುರುಮಾಡಬೇಕೋ ತಿಳಿಯದವಳಂತೆ ಹವೆಯ ವಿಷಯ ಎರಡು ಸಲ ಹೇಳಿದಳು. ಆಮೇಲೆ ಕೇಳಿದಳು.

“ನೀವು ಭಾನುವಾರ ವಿಂಡ್ಸರ್‌ಗೆ ಹೋಗ್ತೀರಲ್ಲ, ನನ್ನ ಮಗನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗ್ತೀರಾ? ಅಲ್ಲಿ ಇಳಿಸಿಬಿಡಿ. ಅಲ್ಲಿಂದ ಮುಂದೆ ಅವನು ನೋಡಿಕೊಳ್ತಾನೆ.”

ಹುಡುಗ ವಸಂತದಲ್ಲೇ ಕಾಲೇಜು ಬಿಟ್ಟಿದ್ದನಂತೆ. ಬೋರ್ಡಿಗೆ ಅದಿನ್ನೂ ಗೊತ್ತಿಲ್ಲ. ಗೊತ್ತಾಗುವ ಮುಂಚೆ ಹೋಗಿಬಿಟ್ಟರೆ ಒಳ್ಳೆಯದು. ಒಬ್ಬನೇ ಹುಡುಗ, ಕೈಯಲ್ಲಿ ಒಂದು ಚೀಲ, ಸೇತುವೆಯಲ್ಲಿ ನೂರು ಪ್ರಶ್ನೆ ಕೇಳಿಯಾರು ಎಂದು ಅವಳಿಗೆ ಭಯ. ಹೆಂಡತಿ ಮಗಳ ಜೊತೆ ಸಾಮಾನು ತರಲು ಹೋಗುವ ನಮ್ಮ ಗಾಡಿಯನ್ನು ಯಾರು ತಡೆಯುತ್ತಾರೆ? ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬೇರೆ ಯಾರನ್ನೂ ಕೇಳುವಂತಿರಲಿಲ್ಲ. ಬೀದಿಯಲ್ಲಿ ಉಳಿದವರ ಮಕ್ಕಳೆಲ್ಲ ಸೈನ್ಯಕ್ಕೆ ಹೋಗಿದ್ದರು ಇಲ್ಲವೇ ಹೋಗುವವರಿದ್ದರು.

ನಾವು ತಿಂಗಳಿಗೆ ಎರಡು ಭಾನುವಾರವಾದರೂ ವಿಂಡ್ಸರ್‌ಗೆ ಹೋಗುತ್ತಿದ್ದೆವು. ಅಲ್ಲೊಂದು ಅಂಗಡಿಯಲ್ಲಿ ತೊಗರಿಬೇಳೆ, ಹುಣಸೆಹಣ್ಣು ಸಿಗುತ್ತಿತ್ತು. ಸೇತುವೆ ದಾಟಿದ ಕಡೆ ಅಧಿಕಾರಿ ಬಗ್ಗಿ ನೋಡಿ, ಎಲ್ಲಿಗೆ, ಎಷ್ಟು ಹೊತ್ತು ಎಂದು ಕೇಳಿ, ಮಗಳಿಗೆ ಕೈಬೀಸಿ ಬಿಟ್ಟುಬಿಡುತ್ತಿದ್ದ. ಹೋಗುವಾಗ ಅದಕ್ಕಿಂತ ಹೆಚ್ಚು ನಮ್ಮನ್ನು ಯಾರೂ ಕೇಳಿದ್ದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಸಿಕ್ಕಿಬಿದ್ದರೆ ಏನು ಗತಿ ಎಂದು ಲೆಕ್ಕ ಹಾಕಿದೆ. ನನ್ನ ಗ್ರೀನ್ ಕಾರ್ಡಿಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

ನನಗೆ ಹೆದರಿಕೆ ಎಂದು ಹೇಳಬಹುದಿತ್ತು. ಅವಳು ಅರ್ಥ ಮಾಡಿಕೊಳ್ಳುತ್ತಿದ್ದಳು, ಇನ್ನೊಬ್ಬರನ್ನು ಹುಡುಕುತ್ತಿದ್ದಳು. ನಾನು ಹಾಗೆ ಹೇಳಲಿಲ್ಲ. ಪೊರಕೆಯನ್ನು ಬೇಲಿಗೆ ಒರಗಿಸಿ ಉಪದೇಶ ಶುರುಮಾಡಿದೆ. ಕಳ್ಳದಾರಿ ಯಾಕೆ, ಅವನೇನು ಅಪರಾಧಿಯೇ? ಬೋರ್ಡಿನ ಅನುಮತಿಗೆ ನಿಯಮವೇ ಇದೆ, ಕೇಳಿದರೆ ಕೊಡುತ್ತಾರೆ. ಕೆನಡಾದಲ್ಲಿ ಕೆಲಸ ನೋಡಿಕೊಳ್ಳುತ್ತೇನೆ ಎಂದು ಗೌರವದಿಂದ ಬರೆಯಲಿ. ನಾನೂ ಹಾಗೇ ನನ್ನ ದೇಶದಿಂದ ಬಂದವನು. ಬೇಕಾದರೆ ನಾನೇ ಬರೆದುಕೊಡುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತು ನನ್ನಂಥವರಿಗಾಗಿಯೇ ಹುಟ್ಟಿದ್ದು.

ಅವಳ ಮುಖ ಅರಳಿತು. ನಾನು ಓದಿದವನು, ಎಂಜಿನಿಯರ್, ಎರಡು ದೇಶದ ಕಾಗದಪತ್ರ ಕಂಡವನು. ಅವಳು ನಂಬಿದಳು.

ಮರುದಿನ ಮಧ್ಯಾಹ್ನ ಹುಡುಗ ಬಂದು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತ. ನಾನು ಟೈಪ್‌ರೈಟರ್ ತೆಗೆದೆ. ನನ್ನ ಪದ್ಧತಿಯಂತೆ ಹುಟ್ಟಿದ್ದು, ತಂದೆ ತೀರಿಕೊಂಡದ್ದು, ತಾಯಿಯ ಕೆಲಸ. ಆಮೇಲೆ ಓದು. ಇಂಥ ತಿಂಗಳಿನಿಂದ ಕಾಲೇಜು ಬಿಟ್ಟಿರುತ್ತೇನೆ ಎಂದು ನಾನು ಹೊಡೆಯುವಾಗ ಅವನು ತಡೆದ.

“ಅದನ್ನ ಹಾಕಲೇಬೇಕಾ? ಅವರಿಗೆ ಅದು ಗೊತ್ತಿಲ್ಲ.”

“ಅರ್ಜಿಯಲ್ಲಿ ನಿಜ ಮುಚ್ಚಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತೆ” ಎಂದೆ.

ಅವನು ತಾಯಿಯ ಮನೆಯ ಕಡೆಗೆ ಕಿಟಕಿಯಲ್ಲಿ ಒಮ್ಮೆ ನೋಡಿ ಸಹಿ ಹಾಕಿದ. ನನ್ನ ಹೆಂಡತಿ ಒಲೆಯ ಹತ್ತಿರ ನಿಂತಿದ್ದಳು. ಅವನು ಹೋದ ಮೇಲೆ ಬಾಯಿಬಿಟ್ಟಳು.

“ಅಲ್ಲಾ ರೀ, ಆ ಹುಡುಗನ್ನ ಕರ್ಕೊಂಡ್ ಹೋಗಿ ಬಿಟ್ ಬಂದಿದ್ರೆ ಏನಾಗ್ತಿತ್ತು? ಹೆಂಗಿದ್ರೂ ಹೋಗ್ತೀವಲ್ಲ. ಹಿಂದಿನ ಸೀಟಲ್ಲಿ ಮಗು ಒಂದೇ ಕೂತಿರತ್ತೆ.”

“ಕಾನೂನು ಗೊತ್ತೇನೇ ನಿಂಗೆ? ಸುಮ್ನಿರು.”

“ಕಾನೂನು ಗೊತ್ತಿಲ್ಲ. ನೀವು ಹೆದರ್ಕೊಂಡಿದೀರ ಅಂತ ಗೊತ್ತು.”

ನನಗೆ ಸಿಟ್ಟು ಬಂದು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಹೂಡಿದ್ದ ಉಪಾಯವನ್ನು ಅವಳು ಒಂದೇ ಮಾತಿನಲ್ಲಿ ಕಂಡುಹಿಡಿದಿದ್ದಳು.

ಮುಂದಿನ ಭಾನುವಾರ ಎಂದಿನಂತೆ ಬೇಳೆ ತರಲು ಹೋದೆವು. ಅಧಿಕಾರಿ ಕೇಳಿದ ಎರಡು ಪ್ರಶ್ನೆ ಅವೇ. ಎಲ್ಲಿಗೆ, ಎಷ್ಟು ಹೊತ್ತು. ಹಿಂದಿನ ಸೀಟಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ. ಆಗಲೂ ಹೊತ್ತು ಮೀರಿರಲಿಲ್ಲ. ವಾಪಸ್ ಬಂದು ಅವರ ಬಾಗಿಲು ತಟ್ಟಿ, ಅರ್ಜಿ ಹಾಗಿರಲಿ, ಗಾಡಿ ಹತ್ತು ಎನ್ನಬಹುದಿತ್ತು. ಉತ್ತರ ಬರಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಉತ್ತರ ಬಂತು. ಅನುಮತಿ ಇಲ್ಲ ಎಂದು ಒಂದು ಸಾಲು. ಅದಾಗಿ ಕೆಲವು ವಾರಕ್ಕೆ, ಓದು ಬಿಟ್ಟಿರುವುದರಿಂದ ಸೈನ್ಯಕ್ಕೆ ಹಾಜರಾಗತಕ್ಕದ್ದು ಎಂಬ ಆದೇಶ. ಕಾಲೇಜಿನವರು ತಿಳಿಸದಿದ್ದದ್ದನ್ನು ನನ್ನ ಅರ್ಜಿ ತಿಂಗಳ ಹೆಸರಿನ ಸಮೇತ ತಿಳಿಸಿತ್ತು. ಎಲ್ಲಿಗೆ ಹೋಗಬೇಕೆಂದಿದ್ದಾನೆ ಎಂಬುದನ್ನೂ. ಹುಡುಗ ತಾನೇ ಬಂದು ಕಾಗದ ತೋರಿಸಿದ. ಈಗಲಾದರೂ ಹೋಗುತ್ತೀಯಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅವನೇ ಹೇಳಿದ.

“ಇನ್ನು ಹೋದರೆ ಎಲ್ಲಿದ್ದೀನಿ ಅಂತ ಅವರಿಗೆ ಗೊತ್ತು. ಅಮ್ಮನ ಬಾಗಿಲಿಗೆ ಬರ್ತಾರೆ.” ಆಮೇಲೆ ನನ್ನ ಕೈ ಕುಲುಕಿ, ಬರೆದುಕೊಟ್ಟದ್ದಕ್ಕೆ ಥ್ಯಾಂಕ್ಸ್ ಎಂದ.

ಅವನು ಸೈನ್ಯಕ್ಕೆ ಹೋದ. ಹೋದ ಎರಡನೆಯ ವರ್ಷ ತೀರಿಕೊಂಡ. ಯೂನಿಫಾರ್ಮಿನ ಇಬ್ಬರು ಬಂದು ಆ ಮನೆಯ ಬಾಗಿಲಲ್ಲಿ ನಿಂತದ್ದನ್ನು ನನ್ನ ಹೆಂಡತಿ ಕಿಟಕಿಯಿಂದ ಕಂಡಳು. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಅಕ್ಕಪಕ್ಕದವರೇ ಊಟ ಒಯ್ಯಬೇಕು. ಅವಳು ನನ್ನನ್ನು ಒಂದು ಮಾತೂ ಕೇಳದೆ ಅನ್ನ, ಬೇಳೆಯ ತಿಳಿಸಾರು ಮಾಡಿ ಹತ್ತು ದಿನ ಒಯ್ದುಕೊಟ್ಟಳು. ನಾನು ಒಂದು ದಿನ ಹೋದೆ. ಹುಡುಗನ ಸೋದರಮಾವ ಬಂದಿದ್ದರು. ನಮಗಾಗಿ ಪತ್ರ ಬರೆದುಕೊಟ್ಟವರು ಇವರೇ ಎಂದು ತಾಯಿ ಪರಿಚಯ ಮಾಡಿಕೊಟ್ಟಳು. ಎದ್ದು ಓಡಿಹೋಗಬೇಕೆನ್ನಿಸಿತು. ಕೊಟ್ಟ ಕಾಫಿ ಕುಡಿದು ಕೂತಿದ್ದೆ.

ಎಪ್ಪತ್ಮೂರರಲ್ಲಿ ಚಿಕಾಗೋ ಕಡೆ ಎಲ್ಕ್ ಗ್ರೋವ್ ವಿಲೇಜಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸಂಬಳ ಹೆಚ್ಚು ಎಂದು ಎಲ್ಲರಿಗೂ ಹೇಳಿದೆ. ನಿಜವಾಗಿ ಆ ಬೇಲಿ ನನಗೆ ಬೇಡವಾಗಿತ್ತು. ವರ್ಷಗಳು ಕಳೆದವು, ಯುದ್ಧ ಮುಗಿಯಿತು, ಕೆನಡಾಕ್ಕೆ ಹೋಗಿದ್ದವರಿಗೆ ಸರ್ಕಾರದ ಕ್ಷಮೆ ಸಿಕ್ಕಿತು. ಅದೇ ಸುಮಾರಿಗೆ ಹತ್ತಿರದ ಓಕ್ ಬ್ರೂಕಿನ ಸ್ನೇಹಿತರೊಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದಾಗ, ಇಂಡಿಯಾದಲ್ಲಿ ಪಿ ಫಾರ್ಮ್ ಸಡಿಲಿಸುತ್ತಾರಂತೆ ಎಂಬ ಸುದ್ದಿ ಬಂತು. ಇನ್ನು ಬೆಂಗಳೂರೇ ಖಾಲಿ, ಮಲ್ಲೇಶ್ವರದವರೆಲ್ಲ ಇಲ್ಲೇ ಎಂದು ಒಬ್ಬರು ನಗಿಸಿದರು. ನೀವೇನಂತೀರಿ, ಇಂಥದ್ದರಲ್ಲಿ ನೀವು ಪಂಡಿತರು ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿತ್ತು. ಡೆಟ್ರಾಯಿಟ್‌ನಲ್ಲಿ ಸೇತುವೆ ಎಲ್ಲ ದಿನವೂ ತೆರೆದೇ ಇತ್ತು, ಆದರೂ ಹೆಚ್ಚಿನ ಹುಡುಗರು ದಾಟಲಿಲ್ಲ. ನಿಯಮ ಸಡಿಲವಾದ ಮಾತ್ರಕ್ಕೆ ಯಾರೂ ಹೋಗುವುದಿಲ್ಲ. ಆಚೆ ದಡದಲ್ಲಿ ಒಬ್ಬ ಪರಿಚಯದವನು, ಈಚೆ ದಡದಲ್ಲಿ ಗಾಡಿಯಲ್ಲಿ ಜಾಗ ಕೊಡುವವನೊಬ್ಬ ಇದ್ದರೆ ಹೋಗುತ್ತಾರೆ. ನನಗೆ ಜಾಗ ಕೊಟ್ಟವರಿದ್ದರು.

ಮರುವರ್ಷ ಬೇಸಿಗೆಯಲ್ಲಿ ಡೆಟ್ರಾಯಿಟ್ ಕಡೆ ಒಂದು ಗೃಹಪ್ರವೇಶಕ್ಕೆ ಹೋದೆವು, ಇನ್ನೂರ ಎಂಬತ್ತು ಮೈಲಿ. ಹುಡುಗನ ತಾಯಿಯನ್ನು ನೋಡದೆ ಬರುವ ಹಾಗಿಲ್ಲ ಎಂದು ಹೆಂಡತಿ ಪಟ್ಟು ಹಿಡಿದಳು. ಆಕೆಗೆ ಕೂದಲೆಲ್ಲ ಬೆಳ್ಳಗಾಗಿತ್ತು. ಮಗಳು ಎಷ್ಟು ಎತ್ತರವಾಗಿದ್ದಾಳೆಂದು ಬೆರಗಾಗಿ ಕೈಹಿಡಿದು ಕೂರಿಸಿಕೊಂಡಳು. ಆಗ ಕೆನಡಾಕ್ಕೆ ದಾಟಿದ್ದ ಆ ಬೀದಿಯ ಕೊನೆಯ ಮನೆಯ ಹುಡುಗ ಟೊರೊಂಟೊದಿಂದ ಹೆಂಡತಿ ಮಗುವಿನ ಜೊತೆ ಬಂದಿದ್ದಾನೆ ಎಂದು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಒಂದು ವಿಷಯ ಕೇಳಬೇಕು. ಆ ದಿನ ಬೇಲಿಯ ಹತ್ತಿರ ನಿಮ್ಮನ್ನು ಇನ್ನೂ ಸ್ವಲ್ಪ ಬೇಡಿಕೊಂಡಿದ್ದರೆ ನೀವು ಒಪ್ಪುತ್ತಿದ್ದಿರಿ ಅನ್ನಿಸುತ್ತೆ. ನಾನೇ ಬೇಗ ಬಿಟ್ಟುಬಿಟ್ಟೆ. ಇಷ್ಟು ವರ್ಷ ಅದನ್ನೇ ಯೋಚನೆ ಮಾಡಿದ್ದೀನಿ. ನಿಮ್ಮ ಗಾಡಿಯಲ್ಲಿ ಹೋಗಿದ್ದರೆ ದಾಟುತ್ತಿದ್ದನಾ?”

ತಪ್ಪು ತನ್ನದೆಂದು ಆಕೆ ಇಷ್ಟು ಕಾಲ ಹೊತ್ತುಕೊಂಡಿದ್ದಳು. ನನ್ನ ಪಾಲಿನದನ್ನು ನಾನು ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದು ಬರುವುದಿಲ್ಲ. ದಾಟುತ್ತಿದ್ದ, ಸೇತುವೆಯಲ್ಲಿ ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಹೆದರಿದವನು ನಾನು ಎನ್ನಬೇಕಿತ್ತು.

“ಇಲ್ಲ” ಎಂದೆ. “ಆಗ ಬಹಳ ಬಿಗಿ ಇತ್ತು. ಒಬ್ಬೊಬ್ಬರ ಕಾಗದವನ್ನೂ ನೋಡುತ್ತಿದ್ದರು. ಸೇತುವೆಯ ಮೇಲೇ ಹಿಡಿದುಬಿಡುತ್ತಿದ್ದರು.”

ಆಕೆ ಉಸಿರು ಬಿಟ್ಟಳು. ಕಣ್ಣೊರೆಸಿಕೊಂಡು ನನ್ನ ಕೈಯ ಮೇಲೆ ಕೈಯಿಟ್ಟು, ಹೇಳಿದಿರಲ್ಲ, ಒಳ್ಳೆಯದಾಯಿತು ಎಂದಳು. ಹೊರಡುವಾಗ ಮಗಳ ಕೈಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟಳು.

ಹೈವೇ ಸೇರಿದೆವು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಹೋದಳು. ಆಕೆಯ ಮನಸ್ಸಿಗೆ ಸಮಾಧಾನವಾಗಲಿ ಎಂದು ಹಾಗೆ ಹೇಳಿದೆ ಎಂದು ನಾನೇ ಶುರುಮಾಡಿದೆ.

“ನಿಜ ಹೇಳ್ಬೇಕಿತ್ತು ಅಂತ ನಾನನ್ನಲ್ಲ ರೀ” ಎಂದಳು. “ಆ ಮುಖ ನೋಡ್ಕೊಂಡು ನಂಗೂ ಹೇಳಕ್ಕಾಗ್ತಿರ್ಲಿಲ್ಲವೇನೋ. ಆದ್ರೆ ನಾನಾಗಿದ್ರೆ ಒಂದ್ನಿಮಿಷ ತಡವರಿಸ್ತಿದ್ದೆ. ನಿಮ್ಗೆ ಅದು ಹೇಗೆ ಅಷ್ಟು ಬೇಗ ಬಂತು?”

ಆ ಮಾತನ್ನು ಅಷ್ಟೂ ವರ್ಷ ನನಗೆ ನಾನೇ ಹೇಳಿಕೊಂಡು ಅಭ್ಯಾಸ ಮಾಡಿಟ್ಟುಕೊಂಡಿದ್ದೆ.