ರಕ್ತ ಬಾರದ ಒಸಡು

ಕೊಡಗಿನಲ್ಲಿ ಒಸಡಿನ ಕಾಯಿಲೆ ಇರುವವರನ್ನು ಹುಡುಕುವುದು ಕಷ್ಟದ ಕೆಲಸವೇ ಅಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಒಮ್ಮೆ ಆಕಳಿಸಿದರೆ ಸಾಕು, ಒಬ್ಬರು ಸಿಕ್ಕಿದ ಹಾಗೆ. ಕಷ್ಟವೆಲ್ಲ ಇರುವುದು ಕಾಯಿಲೆ ಇಲ್ಲದವರನ್ನು ಹುಡುಕುವುದರಲ್ಲಿ. ದಂತವೈದ್ಯ ಕಾಲೇಜಿನ ಒಸಡು ವಿಭಾಗದಲ್ಲಿ ಎಂ.ಡಿ.ಎಸ್. ಓದುತ್ತಿದ್ದಾಗ ನನಗೆ ಈ ಸತ್ಯ ಹೊಳೆಯಿತು, ಅದೂ ಸಂಶೋಧನೆ ಅರ್ಧ ದಾರಿಗೆ ಬಂದ ಮೇಲೆ.

ನನ್ನ ಸಂಶೋಧನೆಯ ವಿಷಯ ಎಂಜಲು. ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಹೆಸರಿತ್ತು, ಆದರೂ ಎಂಜಲು ಎಂಜಲೇ. ಒಸಡು ಊದಿ, ಹಲ್ಲು ಅಲ್ಲಾಡುವ ತನಕ ಕಾಯದೆ, ಎಂಜಲನ್ನು ಪರೀಕ್ಷಿಸಿ ಕಾಯಿಲೆಯನ್ನು ಮೊದಲೇ ಕಂಡುಹಿಡಿಯಬಹುದೇ ಎಂಬುದು ಪ್ರಶ್ನೆ. ಅದಕ್ಕೆ ಕಾಯಿಲೆಯವರ ಎಂಜಲೂ ಬೇಕು, ಅದೇ ವಯಸ್ಸಿನ ಆರೋಗ್ಯವಂತರ ಎಂಜಲೂ ಬೇಕು. ಕಾಯಿಲೆಯವರು ಕ್ಯಾಂಪಿಗೊಂದು ಗುಂಪು ಸಿಕ್ಕಿದರು. ನಾಪೋಕ್ಲುವಿನಲ್ಲಿ, ಭಾಗಮಂಡಲದಲ್ಲಿ ಸಾಲುಗಟ್ಟಿ ನಿಂತು ಕೊಟ್ಟುಹೋದರು. ಐವತ್ತರ ಹತ್ತಿರದ, ಒಸಡು ಗಟ್ಟಿ ಇರುವ ಮನುಷ್ಯರು ಮಾತ್ರ ಎಲ್ಲೂ ಕಾಣಲಿಲ್ಲ. ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರನ್ನು, ಕೂಲಿಯವರ ಲೈನ್ ಮನೆಗಳಲ್ಲಿ ಯಾರ ಬಾಯಿ ಚೆನ್ನಾಗಿದೆಯೋ ಅವರನ್ನು ಕಳಿಸಿ ಎಂದು ಕೇಳಿಕೊಂಡೆ. ಅವರು ನಾಲ್ಕು ಜನ ಹೆಂಗಸರನ್ನು ಕಳಿಸಿದರು. ನಾಲ್ಕೂ ಜನರದ್ದು ಕಟ್ಟಿಸಿದ ಹಲ್ಲಿನ ಸೆಟ್ಟು. ಒಂದು ಹಲ್ಲೂ ಹುಳುಕಿಲ್ಲ ನೋಡಿ ಮೇಡಂ ಎಂದು ರೈಟರು ಹೆಮ್ಮೆಯಿಂದ ನಿಂತಿದ್ದರು. ನನ್ನ ಗೈಡ್ ಸರ್ ಈ ಕಥೆ ಕೇಳಿ ನಗಲೂ ಇಲ್ಲ. ಆರೋಗ್ಯವಂತರು ಸಿಗದಿದ್ದರೆ ಥೀಸಿಸ್ಸೂ ಇಲ್ಲ ಎಂದು ಹೇಳಿ ಕನ್ನಡಕ ಒರೆಸಿಕೊಂಡರು.

ಇಂಥ ಹೊತ್ತಿನಲ್ಲೇ ಅಮ್ಮ ಶನಿವಾರಸಂತೆಯಿಂದ ಫೋನು ಮಾಡಿ, ಭಾನುವಾರ ಮನೆಗೆ ಬಾ, ನಿನ್ನನ್ನು ನೋಡಲು ಬರುತ್ತಾರೆ ಎಂದರು. ನನಗೆ ರೇಗಿಹೋಯಿತು. ಜನರ ಬಾಯಿ ನೋಡಲು ಊರೂರು ಅಲೆಯುತ್ತಿರುವವಳು ನಾನು, ಈಗ ನನ್ನನ್ನು ನೋಡಲು ಬೇರೆ ಬರುತ್ತಾರಂತೆ. ಆದರೆ ಕಾಳುಮೆಣಸಿನ ವ್ಯಾಪಾರಿಯಾದ ನಮ್ಮಪ್ಪನಿಗೆ ಆ ಮನೆಯವರು ಹಳೆಯ ಪರಿಚಯ, ಬೇಡವೆನ್ನುವ ಹಾಗಿರಲಿಲ್ಲ.

ಹುಡುಗ, ಹುಡುಗನ ಅಪ್ಪ, ಅಮ್ಮ, ಮೂವರೇ ಬಂದರು. ಕೊಡ್ಲಿಪೇಟೆ ಕಡೆ ಕಾಫಿ, ಗದ್ದೆ ಇರುವ ಮನೆ. ಹುಡುಗನ ಅಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಬಂದು ಕೂತವರೇ ಈ ಕಾಲದಲ್ಲಿ ಚಟಗಳು ಹೇಗೆ ಮನೆಗಳನ್ನು ಹಾಳು ಮಾಡುತ್ತಿವೆ ಎಂದು ಶುರುಮಾಡಿದರು. ತಮ್ಮ ಕಾಫಿ ಕಣದಲ್ಲಿ ಬೀಡಿಯ ತುಂಡು ಕಂಡರೆ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬುದ್ಧಿ ಹೇಳುತ್ತಾರಂತೆ. ಹುಡುಗನ ಅಮ್ಮನವರು ತಲೆ ಬಗ್ಗಿಸಿ ಏಲಕ್ಕಿ ಜಗಿಯುತ್ತಾ ಕೂತಿದ್ದರು. ನಾನು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಬಂದೆ. ನಮ್ಮಪ್ಪ ಏನೋ ತಮಾಷೆ ಮಾಡಿದರು. ಅಮ್ಮನವರು ಬಾಯಿತುಂಬ ನಕ್ಕರು.

ನಾನು ಅಲ್ಲೇ ನಿಂತುಬಿಟ್ಟೆ. ತೆಳು ಗುಲಾಬಿ ಬಣ್ಣದ ಒಸಡು, ಬಿಗಿಯಾಗಿ ಹಲ್ಲಿಗೆ ಅಂಟಿಕೊಂಡಿತ್ತು. ಎಲ್ಲೂ ಊತವಿಲ್ಲ, ಎಲ್ಲೂ ಕೆಂಪಿಲ್ಲ. ಹುಡುಗನ ಕಡೆ ನೋಡಬೇಕೆಂಬುದೇ ಮರೆತುಹೋಯಿತು.

“ಆಂಟಿ, ನಿಮಗೆ ವಯಸ್ಸೆಷ್ಟು?” ಎಂದು ಕೇಳಿದೆ.

ಅಮ್ಮ ಹಿಂದಿನಿಂದ ಚಿವುಟಿದರು. ಹುಡುಗನ ಅಮ್ಮನವರು ಐವತ್ತೆರಡು ಎಂದರು. ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ ಎಂದು ಕೇಳಿದೆ. ಒಂದು ತೊಟ್ಟೂ ಇಲ್ಲ ಎಂದು ಅವರು ಬಲು ಹೆಮ್ಮೆಯಿಂದ ಹೇಳಿದರು. ಅಮ್ಮ ಮತ್ತೆ ಚಿವುಟಿದರು. ಆಗ ಹುಡುಗ ಜೋರಾಗಿ ನಕ್ಕ. ಅವನ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿ ಕೂತಿದ್ದವು, ಅದನ್ನು ಕೈಯಿಂದ ಮುಚ್ಚಿಕೊಳ್ಳದೆ ನಕ್ಕ. ಡೆಂಟಿಸ್ಟ್ ಎದುರಿಗೆ ಹಾಗೆ ನಗುವ ಗಂಡಸನ್ನು ನಾನು ಕಂಡಿರಲಿಲ್ಲ. ಅವನು ನನಗೆ ಇಷ್ಟವಾದ. ಇದನ್ನು ಸುತ್ತಿಬಳಸಿ ಹೇಳುವುದೇನೂ ಇಲ್ಲ, ಅವತ್ತೇ ಇಷ್ಟವಾದ.

ಅವರಿಗೂ ಒಪ್ಪಿಗೆ ಎಂದು ಎರಡು ದಿನದಲ್ಲಿ ಗೊತ್ತಾಯಿತು. ನನಗೆ ಒಂದೇ ಕಲ್ಲಿಗೆ ಗಂಡನೂ ಥೀಸಿಸ್ಸೂ ಸಿಕ್ಕಿದ ಸಂಭ್ರಮ. ಲಗ್ನಪತ್ರಿಕೆ ಬರೆಸುವ ಮೊದಲೇ ಅತ್ತೆಯಾಗುವವರನ್ನು ಕಾಲೇಜಿಗೆ ಕರೆಸಿಕೊಂಡೆ. ಎಂಜಲು ತೆಗೆಯಬೇಕಾದ್ದರಿಂದ ಏನೂ ತಿನ್ನದೆ, ಬಾಯಿ ತೊಳೆಯದೆ ಬನ್ನಿ ಎಂದು ಹೇಳಿ ಪೇಚಿಗೆ ಸಿಕ್ಕಿಕೊಂಡೆ. ಬಾಯಿ ತೊಳೆಯದೆ ಅವರು ಲಿಂಗಪೂಜೆಗೆ ಕೂರುವುದಿಲ್ಲ, ಪೂಜೆ ಮಾಡದೆ ಹೊಸಿಲು ದಾಟುವುದಿಲ್ಲ. ಕೊನೆಗೆ ಪೂಜೆ ಮುಗಿಸಿಯೇ ಬಂದು, ಉಪವಾಸದಲ್ಲಿ ಬೆಂಚಿನ ಮೇಲೆ ಬಹಳ ಹೊತ್ತು ಕೂರುವುದೆಂದು ರಾಜಿಯಾಯಿತು. ಮಗ ಕಾರಿನಲ್ಲಿ ಕರೆದುಕೊಂಡು ಬಂದು ಹೊರಗೆ ಕೂತ.

ಕುರ್ಚಿಯಲ್ಲಿ ಒರಗಿಸಿ, ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನು ಕೇಳಿದೆ. ಹೊಗೆಸೊಪ್ಪು? ಬೀಡಿ, ಸಿಗರೇಟು? ಶಿವಶಿವಾ ಎಂದು ಅವರು ಕೆನ್ನೆ ಮುಟ್ಟಿಕೊಂಡರು. ಎಂಜಲು ತೆಗೆದುಕೊಂಡ ಮೇಲೆ ಪ್ರೋಬ್ ಹಾಕಿದೆ. ಪ್ರೋಬ್ ಎಂದರೆ ಗೆರೆ ಎಳೆದ ಸಣ್ಣ ಕಡ್ಡಿ. ಹಲ್ಲಿಗೂ ಒಸಡಿಗೂ ನಡುವೆ ಇಳಿಸಿದರೆ ಗಟ್ಟಿ ಒಸಡಿನಲ್ಲಿ ಒಂದೆರಡು ಗೆರೆಗೇ ನಿಲ್ಲುತ್ತದೆ. ಇವರಲ್ಲಿ ಅದು ಕೆಸರು ಗದ್ದೆಗೆ ಕೋಲು ಚುಚ್ಚಿದ ಹಾಗೆ ಇಳಿಯುತ್ತಲೇ ಹೋಯಿತು. ಮೇಲಿನ ದವಡೆಯಲ್ಲಂತೂ ಹಲ್ಲಿನ ಬುಡದ ಮೂಳೆ ಅರ್ಧ ಕರಗಿತ್ತು. ಆದರೂ ರಕ್ತದ ಸುಳಿವಿಲ್ಲ. ನನಗೆ ತಲೆ ಕೆಟ್ಟಿತು. ಕನ್ನಡಿ ತಿರುಗಿಸಿ ಅಂಗುಳು ನೋಡಿದೆ. ಅಂಗುಳು ಬಿಳಿಚಿಕೊಂಡು, ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳಿದ್ದವು. ಇದು ಹೊಗೆ ಸೇದುವವರ ಬಾಯಿ. ಪುಸ್ತಕದಲ್ಲಿ ಹಾಕುವ ಚಿತ್ರವೂ ಇಷ್ಟು ಚೆನ್ನಾಗಿರುವುದಿಲ್ಲ.

ಬಾಗಿಲು ಮುಚ್ಚಿ ಬಂದು, ಅವರ ಪಕ್ಕದ ಸ್ಟೂಲಿನ ಮೇಲೆ ಕೂತು, ಮೆಲ್ಲಗೆ ಕೇಳಿದೆ. ಅವರು ಸೀಲಿಂಗ್ ನೋಡುತ್ತಾ ಒಂದೊಂದಾಗಿ ಹೇಳಿದರು. ಮದುವೆಯಾದ ಹೊಸದರಲ್ಲಿ ಕಾಫಿ ಪಿಕಿಂಗ್ ಸಮಯದಲ್ಲಿ ಹಲ್ಲುನೋವು ಬಂದಿತ್ತಂತೆ. ಒಸಡಿನಲ್ಲಿ ರಕ್ತ. ಹಣ್ಣು ಕುಯ್ಯಲು ಬಂದ ಹೆಂಗಸೊಬ್ಬಳು ಒಂದು ಬೀಡಿ ಹಚ್ಚಿಕೊಟ್ಟು, ಹೊಗೆ ನೋಯುವ ಕಡೆ ಹಿಡಿಯಿರಿ, ಹುಳ ಸಾಯುತ್ತದೆ ಎಂದಳಂತೆ. ಹುಳ ಸತ್ತಿತೋ ಇಲ್ಲವೋ, ನೋವು ಇಳಿಯಿತು, ಕೆಲವು ದಿನಗಳಲ್ಲಿ ರಕ್ತವೂ ನಿಂತಿತು. ಅಂದಿನಿಂದ ಸಂಜೆ ಕಣದಲ್ಲಿ ಕಾಫಿ ರಾಶಿಯ ಹಿಂದೆ ಒಂದು ಬೀಡಿ, ಆಮೇಲೆ ಏಲಕ್ಕಿ. ಚಟಕ್ಕಲ್ಲ, ಔಷಧಕ್ಕೆ.

“ಒಂದ್ಸಾರಿ ಬಿಟ್ಟು ನೋಡ್ದೆ ಕಣ್ ಮಗ, ತಿಂಗ್ಳಲ್ಲಿ ರಕ್ತ ಬಂತು. ಅದಕ್ಕೇ ಬಿಡೋಕೆ ಭಯ,” ಎಂದರು.

ಸಂಶೋಧಕಿಯಾಗಿ ನನಗೆ ಅವರ ಮೇಲೆ ಗೌರವವೇ ಬಂತು. ಸೇದಿ ನೋಡಿದ್ದಾರೆ, ಬಿಟ್ಟು ನೋಡಿದ್ದಾರೆ, ಫಲಿತಾಂಶ ಎರಡು ಸಲವೂ ಸರಿಯಾಗಿಯೇ ಇದೆ. ತಪ್ಪಿದ್ದು ಅದರಿಂದ ಹೊರಡಿಸಿದ ತೀರ್ಮಾನ ಮಾತ್ರ. ಹೊಗೆ ಒಸಡಿನ ರಕ್ತನಾಳಗಳನ್ನು ಬಿಗಿಯುತ್ತದೆ, ಕಾಯಿಲೆ ಒಳಗೊಳಗೇ ಮೂಳೆ ತಿನ್ನುತ್ತದೆ, ರಕ್ತ ಬಂದು ಎಚ್ಚರಿಸುವುದನ್ನು ಬೀಡಿ ತಡೆಯುತ್ತದೆ ಎಂದು ವಿವರಿಸಿದೆ. ಬಿಟ್ಟರೆ ಮತ್ತೆ ರಕ್ತ ಬರುತ್ತದೆ, ಅದಕ್ಕೆ ಹೆದರಬೇಡಿ, ತಕ್ಷಣ ನನ್ನ ಹತ್ತಿರ ಬನ್ನಿ, ಆಳದಿಂದ ಕ್ಲೀನ್ ಮಾಡುತ್ತೇನೆ ಎಂದೆ. ಅವರಿಗೆ ಹಲ್ಲಿನ ಚಿಂತೆಗಿಂತ ಬೇರೆ ಚಿಂತೆಯಿತ್ತು. ಇದು ನಮ್ಮ ಮನೆಯವರಿಗೆ ಗೊತ್ತಾಗಬಾರದು, ಮಗನಿಗೂ ಬೇಡ ಎಂದು ಗ್ಲೌಸು ಹಾಕಿದ ನನ್ನ ಕೈಯನ್ನು ಹಿಡಿದುಕೊಂಡರು. ರೋಗಿಯ ಗುಟ್ಟು ಹೇಳುವಂತಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರ ಎಂಜಲನ್ನು ನನ್ನ ಸಂಶೋಧನೆಯಿಂದ ತೆಗೆದುಹಾಕಬೇಕಾಯಿತು. ಅದಕ್ಕೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರು ಬೀಡಿ ಬಿಟ್ಟರು. ಮಾತಿನಂತೆ ನಡೆದ ಹೆಂಗಸು. ರಕ್ತವೂ ಮಾತಿನಂತೆ ನಡೆಯಿತು. ಆದರೆ ಅವರು ನನ್ನ ಹತ್ತಿರ ಬರಲಿಲ್ಲ, ಯಾಕೆ ಹೋಗುತ್ತೀ ಎಂದು ಗಂಡ ಕೇಳಿದರೆ ಏನು ಹೇಳುವುದು ಎಂಬ ಭಯ. ಒಂದು ಬೆಳಗ್ಗೆ ಬಚ್ಚಲಿನಲ್ಲಿ ಕೆಂಪು ನೀರು ಗಂಡನ ಕಣ್ಣಿಗೇ ಬಿತ್ತು. ಇಷ್ಟು ವರ್ಷ ಕಲ್ಲಿನಂತಿದ್ದ ಒಸಡು, ಆ ಹುಡುಗಿ ಕಡ್ಡಿ ಹಾಕಿ ಚುಚ್ಚಿದ ಮೇಲೆ ಸೋರುತ್ತಿದೆ ಎಂದು ಅವರು ಲೆಕ್ಕ ಹಾಕಿದರು. ಅವರ ಲೆಕ್ಕವೂ ನೋಡುವವರಿಗೆ ಸರಿಯಾಗಿಯೇ ಇತ್ತು. ಅಮ್ಮನವರು ಅಲ್ಲವೆನ್ನಲಿಲ್ಲ. ಕೊಡ್ಲಿಪೇಟೆಯಿಂದ ಸುದ್ದಿ ಹೊರಟು ಶನಿವಾರಸಂತೆ ಮುಟ್ಟುವ ಹೊತ್ತಿಗೆ ನಾನು ಮದುವೆಗೆ ಮೊದಲೇ ಅತ್ತೆಯ ಬಾಯಿ ಕೆಡಿಸಿದವಳಾಗಿದ್ದೆ. ನಮ್ಮಪ್ಪನ ಅಂಗಡಿಗೆ ಮೆಣಸು ತಂದವರೆಲ್ಲ ತೂಕಕ್ಕೆ ಮೊದಲು ನನ್ನ ವಿಚಾರ ಕೇಳುತ್ತಿದ್ದರಂತೆ.

ಹುಡುಗ ಫೋನು ಮಾಡಿದ. ಸಿಟ್ಟಿನಲ್ಲಿರಲಿಲ್ಲ, ಅದೇ ಕಷ್ಟವಾಯಿತು. ಅಮ್ಮನಿಗೆ ಏನಾಗಿದೆ, ಹೇಳಿದರೆ ಅಪ್ಪನಿಗೆ ನಾನೇ ತಿಳಿಸಿ ಹೇಳುತ್ತೇನೆ ಎಂದ. ನನ್ನ ನಾಲಗೆಯ ತುದಿಗೆ ಬೀಡಿ ಬಂದಿತ್ತು. ಅಮ್ಮನನ್ನೇ ಕೇಳಿ ಎಂದು ಹೇಳಿ ಫೋನು ಇಟ್ಟೆ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಇಷ್ಟು ದೊಡ್ಡ ಪ್ರಮಾಣ ಮಾಡಿಸುವ ಈ ವೈದ್ಯ ವೃತ್ತಿಗೆ ಯಾಕಾದರೂ ಬಂದೆನೋ ಎಂದು ಬೈದುಕೊಂಡೆ. ನನಗೆ ಆ ಹುಡುಗ ಬೇಕಾಗಿತ್ತು.

ಮುಂದಿನ ಭಾನುವಾರ ಮೂವರೂ ಮತ್ತೆ ನಮ್ಮನೆಗೆ ಬಂದರು. ಈ ಸಲ ಉಪ್ಪಿಟ್ಟನ್ನು ಯಾರೂ ಮುಟ್ಟಲಿಲ್ಲ. ಹುಡುಗನ ಅಪ್ಪ ನಮ್ಮಪ್ಪನಿಗೆ ಮರ್ಯಾದೆಯಿಂದಲೇ ಹೇಳಿದರು, ಸಂಬಂಧ ಬೇಡವೆಂದು. ಓದುವ ಮಕ್ಕಳು ಕೈ ಪಳಗಿಸಿಕೊಳ್ಳಲು ಬೇರೆ ಬಾಯಿಗಳಿಲ್ಲವೇ ಎಂದು ಕೇಳಿದರು. ನಮ್ಮಪ್ಪ ನನ್ನ ಕಡೆ ತಿರುಗಿ, ಏನು ಮಾಡಿದೆ ಬೊಗಳು ಎಂದರು. ಹುಡುಗ ನನ್ನನ್ನೇ ನೋಡುತ್ತಿದ್ದ. ನಾನು ನೆಲ ನೋಡಿದೆ. ಹೇಳುವಂತಿಲ್ಲಪ್ಪ ಎಂದಷ್ಟೇ ಹೇಳಿದೆ. ನೋಡಿದ್ರಾ, ಬಾಯಿ ಬಿಡಲ್ಲ ಎಂದು ಹುಡುಗನ ಅಪ್ಪ ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು.

“ಕೂತ್ಕಳ್ಳಿ ಒಸಿ,” ಎಂದರು ಅಮ್ಮನವರು. ಗಂಡನಿಗೆ ಅವರು ಹಾಗೆ ಹೇಳಿದ್ದು ಅದೇ ಮೊದಲಿರಬೇಕು, ಗಂಡ ಕೂತರು. “ನಾನು ಬೀಡಿ ಸೇದ್ತಿದ್ದೆ. ಮದ್ವೆ ಆದಾಗಿಂದ. ಕಣದಾಗೆ ನೀವು ಆಳುಗಳ್ನ ನಿಲ್ಸಿ ಬೈತಿದ್ರಲ್ಲ, ಆ ತುಂಡೆಲ್ಲ ನಂದೇ. ಬೀಡಿ ಬಿಟ್ಟಿದ್ಕೆ ರಕ್ತ ಬತ್ತಾ ಐತೆ. ಹಿಂಗಾಯ್ತದೆ ಅಂತ ಈ ಹುಡ್ಗಿ ಮೊದ್ಲೇ ಹೇಳಿತ್ತು. ತನ್ನ ಮದ್ವೆ ಮುರಿದ್ರೂ ನನ್ನ ಮಾನ ಕಳೀಲಿಲ್ಲ.”

ಹುಡುಗನ ಬಾಯಿ ತೆರೆದೇ ಇತ್ತು, ಏರಿದ ಹಲ್ಲು ಕಾಣುತ್ತಿತ್ತು. ಅವನ ಅಪ್ಪ ಎದ್ದು ಅಂಗಳಕ್ಕೆ ಹೋದರು. ಕಿಟಕಿಯಲ್ಲಿ ಅವರ ಬೆನ್ನು ಕಾಣುತ್ತಿತ್ತು. ಅಮ್ಮನವರು ಸೆರಗಿನ ತುದಿ ಹಿಂಡುತ್ತಾ ಕೂತಿದ್ದರು, ಅವರ ಪಕ್ಕ ಹೋಗಿ ಕೂರುವ ಧೈರ್ಯ ನನಗೂ ಬರಲಿಲ್ಲ. ಹುಡುಗನ ಅಪ್ಪ ಕಾರು ಹತ್ತಿ ಒಬ್ಬರೇ ಹೊರಟುಹೋಗುತ್ತಾರೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಹೋಗಲಿಲ್ಲ. ಒಳಗೆ ಬಂದು, ಹೆಂಡತಿಯ ಕಡೆ ನೋಡದೆ, ನೇರ ನನ್ನ ಮುಂದೆ ನಿಂತರು.

“ಇವ್ಳ ಹಲ್ಲು ಉಳಿತವಾ?” ಎಂದು ಕೇಳಿದರು. ಚಟಗಳ ಬಗ್ಗೆ ಮಾತಾಡುವಾಗಿನ ಗಂಟಲು ಅದಾಗಿರಲಿಲ್ಲ.

ಹಿಂದಿನ ಎರಡು ಹಲ್ಲು ಹೋಗುತ್ತವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಿಕ್ಕಿದ್ದನ್ನು ಉಳಿಸಬಹುದು. ಆದರೆ ಒಮ್ಮೆ ಕ್ಲೀನ್ ಮಾಡಿದರೆ ಮುಗಿಯುವುದಿಲ್ಲ, ಮೂರು ತಿಂಗಳಿಗೊಮ್ಮೆ ನೋಡಬೇಕು, ಅವರು ಇರುವ ತನಕ ನೋಡುತ್ತಲೇ ಇರಬೇಕು ಎಂದೆ.

ಅವರು ಶಲ್ಯ ತೆಗೆದು ಕುರ್ಚಿಯ ಮೇಲೆ ಹಾಕಿದರು.

“ಇರೋ ತಂಕ ಅಂದ್ರೆ ನೀನು ನಮ್ಮನೇಲೇ ಇರ್ಬೇಕಾಯ್ತದಲ್ಲವ್ವ,” ಎಂದರು.

ಹೂಂ ಎನ್ನಲು ಬಾಯಿ ತೆರೆದೆ, ಅಳು ಬಂತು.