ದಾಳ ಕುದಿಸಿದ ಕಾಕು

ಕಾಕುವಿನ ಬೆರಳ ತುದಿಗಳು ಯಾವಾಗ ನೋಡಿದರೂ ನೆನೆಹಾಕಿದ ಬಾದಾಮಿ ಸಿಪ್ಪೆಯ ಹಾಗೆ ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ದಿನವಿಡೀ ನೀರಿನಲ್ಲೇ ಇರುತ್ತಿದ್ದ ಕೈಗಳು ಅವು. ನಲ್ಲಿಯನ್ನು ಬೆರಳಿನಿಂದ ಮುಟ್ಟದೆ ಮೊಣಕೈಯಿಂದ ತಿರುಗಿಸುವವರನ್ನು ನಾನು ಮೊದಲು ನೋಡಿದ್ದು ಅವರ ಮನೆಯಲ್ಲಿ. ಕೈ ತೊಳೆಯುವುದು, ಆಮೇಲೆ ನಲ್ಲಿ ತೊಳೆಯುವುದು, ನಲ್ಲಿ ತೊಳೆದ ಕೈಯನ್ನು ಇನ್ನೊಮ್ಮೆ ತೊಳೆಯುವುದು. ಅಂತೂ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಸೋಪಿನ ಡಬ್ಬಿ ಅವರ ಕಣ್ಣಿಗೆ ಬೀಳುತ್ತಿತ್ತು.

ವಿಜಾಪುರದ ಕಡೆಯವರು. ಗಂಡನ ಕೆಲಸಕ್ಕಾಗಿ ಎಂದೋ ಲಂಡನ್ನಿಗೆ ಬಂದು, ಗಂಡ ತೀರಿಹೋದ ಮೇಲೂ ಹ್ಯಾರೋದ ಮನೆಯಲ್ಲೇ ಉಳಿದಿದ್ದರು. ಮಕ್ಕಳಿರಲಿಲ್ಲ. ಅವರ ಊರ ಕಡೆಯ ಜನರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮೈಸೂರಿನವಳಾದ ನಾನೂ ಹಾಗೇ ಕರೆದೆ. ತೊಂಬತ್ತರ ದಶಕದ ನಡುವೆ ನಾನು ಅಕ್ಸ್‌ಬ್ರಿಡ್ಜಿನಲ್ಲಿ ಓದುತ್ತಿದ್ದಾಗ ಅವರ ಮಹಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆಗೂ ಇವರ ಮನೆಗೂ ಒಂದೇ ನಡುಗೋಡೆ. ಆ ಕಡೆಯವರು ನಾಯಿ ಸಾಕಿದ್ದಾರೆಂದು ಕಾಕು ಆ ಗೋಡೆಗೆ ತಾಗಿಸಿ ಕುರ್ಚಿ ಸಹ ಹಾಕುತ್ತಿರಲಿಲ್ಲ.

ಹೇಸುವುದರಲ್ಲಿ ನಾನೇನೂ ಕಡಿಮೆಯವಳಲ್ಲ. ಈ ದೇಶಕ್ಕೆ ಬಂದಾಗ ಎಲ್ಲರೂ ಚಳಿಯ ಬಗ್ಗೆ, ಊರಿನ ನೆನಪಿನ ಬಗ್ಗೆ ಹೇಳುತ್ತಾರೆ. ನನಗೆ ಆದದ್ದು ಅಸಹ್ಯ. ಬಚ್ಚಲಿಗೆ ಕಾರ್ಪೆಟ್ ಹಾಸುತ್ತಾರೆ, ಅದೂ ಕಮೋಡಿನ ಬುಡದವರೆಗೆ. ಅದರ ಮೇಲೆ ಬರಿಗಾಲಿಟ್ಟಾಗ ಪಾದದಡಿ ತಣ್ಣಗೆ ಒದ್ದೆಯಾದದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪಾತ್ರೆಯನ್ನು ಸೋಪಿನ ನೊರೆಯಿಂದ ಎತ್ತಿ, ತೊಳೆಯದೆ, ಬಟ್ಟೆಯಲ್ಲಿ ಒರೆಸಿ ಇಡುತ್ತಾರೆ. ಮೊದಲು ನಾನಿದ್ದ ಮನೆಯಲ್ಲಿ ಬೆಕ್ಕು ಉಂಡ ತಟ್ಟೆಗೂ ನಾನು ಉಣ್ಣುವ ತಟ್ಟೆಗೂ ಅದೇ ಬಟ್ಟೆ. ಇಂಥ ಊರಿನಲ್ಲಿ, ಬಚ್ಚಲಿನ ಕಾರ್ಪೆಟ್ಟನ್ನು ಕಿತ್ತು ಹೊರಗೆಸೆದು ಟೈಲ್ಸ್ ಹಾಕಿಸಿ, ಬಕೆಟ್ಟು ತಂಬಿಗೆ ಇಟ್ಟುಕೊಂಡ ಹೆಂಗಸು ಸಿಕ್ಕರೆ ಬಿಡಲುಂಟೆ? ಕೋಣೆ ಹೇಗಿದೆ ಎಂದು ನೋಡದೆಯೇ ಒಪ್ಪಿಕೊಂಡೆ.

ಅವರದು ಮಡಿ ಎಂದುಕೊಳ್ಳಬೇಡಿ. ಮಡಿಯವರನ್ನು ನಾನು ಮೈಸೂರಿನಲ್ಲಿ ಸಾಕಷ್ಟು ನೋಡಿದ್ದೇನೆ, ಅವರನ್ನು ಕಂಡರೆ ನನಗೆ ಬೇರೆಯೇ ಹೇಸಿಗೆ. ಕಾಕು ಬಂದವರ ಜಾತಿ ಕೇಳುತ್ತಿರಲಿಲ್ಲ, ಉಗುರು ನೋಡುತ್ತಿದ್ದರು.

ಮೊದಲ ಚಳಿಗಾಲದಲ್ಲಿ ನನಗೆ ವಾಂತಿಯ ಕಾಯಿಲೆ ಅಂಟಿಕೊಂಡಿತು. ಕ್ಯಾಂಪಸ್ಸಿನಲ್ಲಿ ಅರ್ಧಕ್ಕರ್ಧ ಜನ ಮಲಗಿದ್ದರು. ಬೆಳಿಗ್ಗೆ ಮೆಟ್ಟಿಲಿಳಿಯುತ್ತಿದ್ದಾಗ ಹೊಟ್ಟೆ ತೊಳಸಿತು, ಬಚ್ಚಲವರೆಗೆ ತಲುಪುವುದಿಲ್ಲ ಎಂದು ಗೊತ್ತಾಯಿತು. ಕೆಳಗೆ ನಿಂತಿದ್ದ ಕಾಕು ನನ್ನ ಮುಖ ನೋಡಿದವರೇ ಓಡಿ ಬಂದು ಗದ್ದದ ಕೆಳಗೆ ಬೊಗಸೆ ಒಡ್ಡಿದರು. ಬರಿಗೈ ಬೊಗಸೆ. ನಾನು ಅದರಲ್ಲೇ ಕಕ್ಕಿದೆ. “ಬರಲಿ, ಎಲ್ಲಾ ಬರಲಿ,” ಎನ್ನುತ್ತಿದ್ದರು. ಬೆರಳ ಸಂದಿಯಿಂದ ಸೀರೆಯ ಮೇಲೆ ಇಳಿಯುತ್ತಿತ್ತು. ಅವರ ಬಾಯಿಂದ ಒಂದು ಛೀ ಬರಲಿಲ್ಲ, ಮೂಗು ಸಹ ಮುರಿಯಲಿಲ್ಲ. ಗುಣವಾದ ಮೇಲೆ ನಾಚಿಕೆಯಿಂದ ಕೇಳಿದೆ, ನಿಮಗೆ ಹೇಸಿಗೆ ಆಗಲಿಲ್ಲವೆ ಎಂದು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಜಡ್ಡ ಬಿದ್ದವರ ಮುಂದ ಹೇಸಿಗಿ ಇರೂದಿಲ್ಲವಾ,” ಎಂದರು.

ಮರುದಿನ ನಾನು ಚಹಾದ ಕಪ್ಪನ್ನು ತೊಳೆಯದೆ ಸಿಂಕಿನಲ್ಲಿ ಬಿಟ್ಟದ್ದಕ್ಕೆ ಮಾತ್ರ ನನ್ನ ವಂಶಕ್ಕೇ ಬೈಗುಳ ಬಿತ್ತು.

ಇನ್ನು ಆಟದ ಕಥೆ. ನಮ್ಮ ಲ್ಯಾಬಿನಲ್ಲಿ ನಾಲ್ಕೈದು ಜನ ಇಂಗ್ಲಿಷ್ ಹುಡುಗರು ಒಂದು ಆಟ ಆಡುತ್ತಿದ್ದರು, ನನ್ನನ್ನೂ ಸೇರಿಸಿಕೊಂಡಿದ್ದರು. ಅದರಲ್ಲಿ ಒಬ್ಬ ಯಜಮಾನನಾಗಿ ಕಥೆ ನಡೆಸುತ್ತಾನೆ: ಗುಹೆ, ರಾಕ್ಷಸ, ನಿಧಿ. ಉಳಿದವರು ಒಂದೊಂದು ಪಾತ್ರವಾಗಿ ಒಳಹೊಗುತ್ತಾರೆ. ಕತ್ತಿ ಹಿಡಿದವನು, ಮಂತ್ರವಾದಿ, ಕಳ್ಳ, ಹೀಗೆ ಪಾತ್ರಗಳಲ್ಲಿ ಬಗೆಗಳಿವೆ. ಆ ಬಗೆಗೆ ಕ್ಲಾಸ್ ಎಂದು ಹೆಸರು. ಪ್ರತಿ ಕ್ಲಾಸಿಗೂ ಅದರದೇ ಶಕ್ತಿ, ಅದರದೇ ದೌರ್ಬಲ್ಯ. ಹೊಡೆದ ಏಟು ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಭಾನುವಾರ ಕ್ಯಾಂಪಸ್ಸಿನ ಕೋಣೆಗೆ ಬೀಗ. ಕಾಕುವಿನ ಊಟದ ಟೇಬಲ್ ದೊಡ್ಡದು. ಬೂಟು ಹೊರಗೆ, ಸೋಪು ಹಚ್ಚಿ ಕೈ ತೊಳೆಯಬೇಕು ಎಂಬ ಕರಾರಿನ ಮೇಲೆ ಅಲ್ಲಿ ಆಡಲು ಒಪ್ಪಿದರು. ಗಡ್ಡ ಬಿಟ್ಟ ಹುಡುಗರು ಸಿಂಕಿನ ಮುಂದೆ ಸಾಲಾಗಿ ನಿಂತು ಉಗುರು ತೋರಿಸುತ್ತಿದ್ದರು.

ಆ ಹುಡುಗರು ಕೊಳಕರು ಎಂದರೆ ಕಡಿಮೆಯೇ. ಒದ್ದೆ ಕಾಲುಚೀಲದ ವಾಸನೆ ಕೋಣೆ ತುಂಬುತ್ತಿತ್ತು. ಆಲೂಗಡ್ಡೆ ಕ್ರಿಸ್ಪ್ಸ್ ತಿಂದು ಕಿತ್ತಳೆ ಬಣ್ಣವಾದ ಬೆರಳನ್ನು ಗಿಣ್ಣಿನವರೆಗೆ ಬಾಯಿಗಿಟ್ಟು ನೆಕ್ಕುವುದು, ಅದೇ ಬೆರಳಲ್ಲಿ ಮತ್ತೆ ಪೊಟ್ಟಣಕ್ಕೆ ಕೈ ಹಾಕುವುದು. ಆಟದ ಯಜಮಾನನದು ಇನ್ನೂ ಒಂದು ಕೈ ಮೇಲು. ದಾಳ ಉರುಳಿಸುವ ಮುನ್ನ ಅದೃಷ್ಟಕ್ಕೆಂದು ಅದನ್ನು ಬಾಯಲ್ಲಿ ಹಾಕಿಕೊಂಡು ಒಮ್ಮೆ ಹೊರಳಿಸಿ ಉಗುಳುತ್ತಿದ್ದ. ಜೊಲ್ಲು ಸಮೇತ ಟೇಬಲ್ ಮೇಲೆ ಉರುಳುತ್ತಿತ್ತು. ಬಜ್ಜಿ ತಂದ ಕಾಕು ಇದನ್ನು ಕಂಡು ತಟ್ಟೆ ಹಿಡಿದು ನಿಂತಲ್ಲೇ ನಿಂತರು.

“ಬಾಯಾಗ ಹಾಕ್ಕೊಂಡದ್ದನ್ನ ಊಟದ ಟೇಬಲ್ ಮ್ಯಾಲೆ ಉಗುಳ್ಯಾನಲ್ಲ, ಇವಗ ಅವ್ವ ಏನೂ ಕಲಿಸಿಲ್ಲೇನು?” ಎಂದು ನನ್ನನ್ನು ಕೇಳಿದರು. ಎಂಜಲು ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಅವರು ಇಕ್ಕಳ ತಂದು ಎಲ್ಲರ ದಾಳಗಳನ್ನೂ ಒಂದೊಂದಾಗಿ ಎತ್ತಿ, ಸೋಡಾ ಹಾಕಿದ ಕುದಿಯುವ ನೀರಿಗೆ ಬಿಟ್ಟಾಗಿತ್ತು. ಹಳೆಯ ದಾಳಗಳು, ಅಂಕಿಗಳ ಗೀರಿನಲ್ಲಿ ತುಂಬಿದ್ದು ಬರೀ ಮೇಣದ ಬಣ್ಣ. ಮೇಲೆ ಬಂದಾಗ ಒಂದರಲ್ಲೂ ಅಂಕಿ ಕಾಣುತ್ತಿರಲಿಲ್ಲ. ಹುಡುಗರು ಅಳುವುದೊಂದು ಬಾಕಿ. ಕಾಕು ದೇವರ ಗೂಡಿನ ಪಕ್ಕದಿಂದ ಕಾಡಿಗೆ ಡಬ್ಬಿ ತಂದು, ಹಲ್ಲುಕಡ್ಡಿಯಿಂದ ಒಂದೊಂದು ಅಂಕಿಗೂ ಕಾಡಿಗೆ ತುಂಬಿ ಕೊಟ್ಟರು. ಆಮೇಲೆ ಆಡಿದವರ ಬೆರಳೆಲ್ಲ ಕಪ್ಪಾದವು, ಅದಕ್ಕೂ ಬೈದು ಮತ್ತೆ ಸಿಂಕಿಗೆ ಕಳಿಸಿದರು.

ಅಂದೇ ಯಜಮಾನನಿಗೆ ಹೊಳೆದದ್ದು. ಯಾರೋ ಪ್ರಕಾಶಕರು ಈ ಆಟಕ್ಕೆ ನಗೆಯ ಕ್ಲಾಸುಗಳನ್ನು ಸೇರಿಸಿ ಒಂದು ಪುಸ್ತಕ ಮಾಡುತ್ತಿದ್ದರಂತೆ. ಈಕೆಯೇ ಒಂದು ಕ್ಲಾಸ್ ಎಂದ. ನಾನು ಕಾಕುವಿಗೆ ವಿವರಿಸಿದೆ. ಅವರು ನಗದೆ ಪೂರ್ತಿ ಕೇಳಿ, ಕುರ್ಚಿಯ ಮೇಲೆ ಪೇಪರು ಹಾಸಿ ಕೂತು, ಆ ಗುಹೆಯೊಳಗೆ ನಲ್ಲಿ ಇದೆಯೇ ಎಂದು ಕೇಳಿದರು. ತೊರೆ ಇದೆ ಎಂದ ಅವನು. ತೊರೆಯ ಮೇಲ್ಗಡೆ ಏನು ಸತ್ತು ಬಿದ್ದಿದೆಯೋ ಯಾರು ಬಲ್ಲರು ಎಂದರು ಕಾಕು. ಹಾಗಾಗಿ ಛೀ ಅಜ್ಜಿಗೆ (ಕ್ಲಾಸಿಗೆ ಇಟ್ಟ ಹೆಸರು ಇದು) ಸಿಕ್ಕ ಮೊದಲ ಶಕ್ತಿ, ಎಂಥ ಪಾತಾಳದಲ್ಲೂ ಬರಿದಾಗದ ಒಂದು ತಂಬಿಗೆ ಶುದ್ಧ ನೀರು.

ಅಲ್ಲಿಂದ ವಾರವಾರವೂ ಅಜ್ಜಿ ಬೆಳೆದಳು. ಅವಳ ಕೈಯಲ್ಲಿ ಆಯುಧವಿಲ್ಲ. ಒಂದು ಸಲ ಛೀ ಎಂದರೆ ಎದುರಿಗಿರುವ ರಾಕ್ಷಸ ದಾಳ ಉರುಳಿಸಬೇಕು, ಸೋತರೆ ತನ್ನ ಉಗುರು ತಾನೇ ನೋಡಿಕೊಂಡು ನಾಚಿ ಕೈ ತೊಳೆಯಲು ಹೋಗುತ್ತಾನೆ. ಅವಳು ಮೂಸಿದ ಅನ್ನದಲ್ಲಿ ವಿಷ ಅಡಗಲಾರದು. ದೌರ್ಬಲ್ಯಗಳೂ ಕಾಕುವಿನವೇ: ನಿಧಿ ಸಿಕ್ಕರೂ ಒಂದೊಂದು ನಾಣ್ಯ ತೊಳೆಯದೆ ಚೀಲಕ್ಕೆ ಹಾಕುವಂತಿಲ್ಲ, ಅಷ್ಟರಲ್ಲಿ ಕಾವಲಿನ ಡ್ರ್ಯಾಗನ್ ಏಳುತ್ತದೆ. ಆಡಿ ನೋಡಿದ ದಿನ ಕಾಕುವೇ ದಾಳ ಉರುಳಿಸಿದರು. ಬೆಟ್ಟದಂಥ ರಾಕ್ಷಸನೊಬ್ಬ ಯುದ್ಧ ಬಿಟ್ಟು ಉಗುರು ಕತ್ತರಿಸಲು ಕೂತಾಗ ಸೆರಗು ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ನಕ್ಕು ಮುಗಿದ ಮೇಲೆ ಒಂದು ಮಾತು ಸೇರಿಸಬೇಕೆಂದು ಹಟ ಹಿಡಿದರು. ಜೊತೆಯವರು ಯಾರಾದರೂ ಜಡ್ಡು ಬಿದ್ದರೆ, ಗಾಯವಾದರೆ, ಅಜ್ಜಿಯ ಹೇಸಿಗೆಯೆಲ್ಲ ಹೋಗಿಬಿಡಬೇಕು, ಕೀವಿರಲಿ ರಕ್ತವಿರಲಿ ಬರಿಗೈಯಲ್ಲಿ ಮುಟ್ಟಬೇಕು. ಇದರಲ್ಲಿ ನಗು ಎಲ್ಲಿದೆ ಎಂದ ಯಜಮಾನ. ಇರಲಿ, ಹಾಗಾದರೆ ದಾಳದಲ್ಲಿ ಎಷ್ಟು ಬಿದ್ದರೆ ಹೇಸಿಗೆ ಹೋಗಬೇಕು ಎಂದು ಪೆನ್ನು ತೆಗೆದ. ಅದನ್ನು ನಾನು ಕಾಕುವಿಗೆ ಕನ್ನಡದಲ್ಲಿ ಹೇಳಿದೆ.

“ಅದಕ್ಯಾಕ ದಾಳಾ? ಜಡ್ಡ ಬಿದ್ದವರನ್ನ ನೋಡೂದಕ್ಕ ದಾಳಾ ಒಗದು ಕೇಳತಾರೇನು? ಹೋಗಿ ನೋಡೂದ ಅಷ್ಟ,” ಎಂದರು ಕಾಕು. “ಇದೊಂದಕ್ಕ ದಾಳಾ ಇಲ್ಲ ಅಂತ ಬರ್ಕೊ ಅನ್ನವಗ.”

ಅವನು ಬರೆದುಕೊಂಡ. ಪ್ರಕಾಶಕರಿಗೆ ಕಳಿಸಿದ್ದೂ ಆಯಿತು. ಕಾಕು ವಿಜಾಪುರದ ತಂಗಿಗೆ ಫೋನಿನಲ್ಲಿ, ಇಂಗ್ಲಿಷ್ ಪುಸ್ತಕದಲ್ಲಿ ತನ್ನ ಮಾತು ಬರುತ್ತದೆ ಎಂದು ಹೇಳಿಕೊಂಡರು. ಪ್ರತಿ ಭಾನುವಾರ ಉಗುರು ನೋಡುವಾಗ ಅವನನ್ನು ಕೇಳುವರು, ಆ ಒಂದು ಮಾತು ಹಾಕಿದ್ದಾರೆ ತಾನೆ? ಅವನು ಹೂಂ ಎನ್ನುವನು. ಉಳಿದದ್ದು ಬಂದರೂ ಸರಿ ಬಿಟ್ಟರೂ ಸರಿ, ಅದಿಲ್ಲದಿದ್ದರೆ ಅಜ್ಜಿ ಬರೀ ಬೈಯುವ ಮುದುಕಿ ಆಗುತ್ತಾಳೆ ಎಂಬುದು ಕಾಕುವಿನ ಚಿಂತೆ.

ಮರುವರ್ಷ ಪುಸ್ತಕ ಬಂತು. ಅವನೇ ಹೆಮ್ಮೆಯಿಂದ ತಂದು, ಪುಟ ತೆರೆದು ಟೇಬಲ್ ಮೇಲಿಟ್ಟ. ಈಗ ಬರೆಯುವಾಗಲೂ ನನ್ನ ಬಾಯಿ ಕಹಿಯಾಗುತ್ತಿದೆ. ಪುಟದ ತುಂಬ ಒಂದು ಚಿತ್ರ. ಹಲ್ಲುದುರಿದ ಮುದುಕಿ, ಹಣೆಯಲ್ಲಿ ದೊಡ್ಡ ಕುಂಕುಮ, ಹರಿದ ಸೀರೆ, ಬಾಯಿಂದ ಜೊಲ್ಲು, ಸುತ್ತ ನೊಣ, ಕೈಯಲ್ಲಿ ಹಳದಿ ಸಾರು ತೊಟ್ಟಿಕ್ಕುವ ಸೌಟು. ಹೆಸರು ಕೊಳಕು ಅಜ್ಜಿ. ಅವಳ ಮೈನಾತಕ್ಕೆ ರಾಕ್ಷಸರು ಓಡಿಹೋಗುತ್ತಾರೆ, ಅದೇ ಅವಳ ಶಕ್ತಿ. ಜಗತ್ತಿನಲ್ಲೇ ಚೊಕ್ಕಟವಾದ ಹೆಂಗಸಿನ ಟೇಬಲ್ಲಿಗೆ ವರ್ಷವಿಡೀ ಎಂಜಲು ಸುರಿಸಿದವನು, ಅವಳ ಬಜ್ಜಿ ತಿಂದವನು, ತನ್ನ ಗಲೀಜನ್ನೆಲ್ಲ ತೆಗೆದು ಅವಳ ಮೈಗೆ ಬಳಿದಿದ್ದ. ಪ್ರಕಾಶಕರು ಹೀಗೆ ಕೇಳಿದರು, ಓದುವವರು ಇದಕ್ಕೆ ಬೇಗ ನಗುತ್ತಾರೆ ಎಂದು ವಿವರಿಸಿದ. ಹಾಗೆ ಹೇಳುತ್ತಲೇ ಬೆರಳು ನೆಕ್ಕಿದ. ಮನುಷ್ಯನೊಬ್ಬನನ್ನು ಕಂಡು ನನಗೆ ಓಕರಿಕೆ ಬಂದದ್ದು ಅದೇ ಮೊದಲು.

ಕಾಕು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಆ ಮಾತು ಐತೇನು?” ಎಂದರು.

ಇಲ್ಲ ಎಂದೆ. ಎರಡು ಸಲ ಓದಿ ನೋಡಿದ್ದೆ.

“ನಾ ಇಕೀನ ಹೊಸ್ತಿಲಾ ದಾಟಾಕ ಬಿಡತಿದ್ದಿಲ್ಲ,” ಎಂದರು. ಅವರು ಪುಸ್ತಕ ಮುಚ್ಚಲಿಲ್ಲ. ಮತ್ತೆ ನೋಡಿದರು, ಸುಕ್ಕುಗಟ್ಟಿದ ಬೆರಳಿನಿಂದ ಆ ಚಿತ್ರದ ಬಾಯಿಯ ಹತ್ತಿರ ಒಮ್ಮೆ ಒರೆಸಿದರು. “ಪಾಪ, ಜಡ್ಡ ಐತೇಳು ಇಕೀಗೆ. ಮೈ ತೊಳಸವ್ರು ಯಾರೂ ಇಲ್ಲ.”

ಎದ್ದು ಹೋಗಿ ಚಹಾ ತಂದರು, ಅವನಿಗೂ ಕೊಟ್ಟರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಬಾಗಿಲ ತನಕ ಹೋಗಿ, ಇನ್ನು ಈ ಮನೆಗೆ ಕಾಲಿಡಬೇಡ ಎಂದು ಅವನಿಗೆ ಹೇಳಿದೆ. ಅಂದಿನಿಂದ ಆ ಆಟವನ್ನೂ ಮುಟ್ಟಿಲ್ಲ. ಆ ಹುಡುಗ ಯಾಕೆ ಬರುವುದಿಲ್ಲ ಎಂದು ಕಾಕು ತಿಂಗಳುಗಟ್ಟಲೆ ಕೇಳಿದರು. ಪುಸ್ತಕವನ್ನು ನಾನು ಕಸಕ್ಕೆ ಹಾಕಲು ಹೋದರೆ ಬಿಡಲಿಲ್ಲ, ಒರೆಸಿ ಕಪಾಟಿನಲ್ಲಿಟ್ಟರು.

ಕೆಲವು ವರ್ಷಗಳ ಮೇಲೆ ನಾನು ಲಂಡನ್ನಿನ ಇನ್ನೊಂದು ತುದಿಯ ಕ್ಯಾನರಿ ವಾರ್ಫಿನಲ್ಲಿ ಕೆಲಸ ಹಿಡಿದು ಆ ಕಡೆಯೇ ಫ್ಲ್ಯಾಟ್ ಮಾಡಿದೆ. ಆಮೇಲೆ ಒಂದು ಚಳಿಗಾಲ ಕಾಕುವಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು, ಮಾತು ತೊದಲಾಯಿತು. ಬೆಳಿಗ್ಗೆ ಅಲ್ಲಿನ ಪುರಸಭೆಯಾದ ಕೌನ್ಸಿಲ್ಲಿನ ಕಡೆಯಿಂದ ಒಬ್ಬ ಹೆಂಗಸು ಬಂದು ನೋಡಿಕೊಳ್ಳುತ್ತಿದ್ದಳು, ಭಾನುವಾರ ನಾನು ಟ್ಯೂಬ್ ರೈಲು ಹತ್ತಿ ಹೋಗುತ್ತಿದ್ದೆ. ವಸಂತ ಬರುವಷ್ಟರಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಅವರ ಮುಖ ನೋಡಿ ಹೇಗೋ ತಡೆದುಕೊಂಡೆ, ಬೆರಳುಗಳನ್ನು ನೋಡಿ ತಡೆಯಲಾಗಲಿಲ್ಲ. ಅವು ಒಣಗಿ ನುಣುಪಾಗಿದ್ದವು. ಬೇರೆ ಯಾರದೋ ಬೆರಳುಗಳಂತಿದ್ದವು.

ಆದರೆ ನನಗೆ ಹೇಳಬೇಕಿರುವುದು ಅದಕ್ಕೂ ಕೆಲವು ವಾರ ಹಿಂದಿನ ಒಂದು ಭಾನುವಾರದ್ದು. ನೋಡಿಕೊಳ್ಳುವ ಹೆಂಗಸು ಅಂದು ಬಂದಿರಲಿಲ್ಲ. ಬಾಗಿಲು ತೆಗೆದಾಗಲೇ ವಾಸನೆ ಬಂತು. ಹಾಸಿಗೆಯಲ್ಲೇ ಎಲ್ಲ ಆಗಿಹೋಗಿತ್ತು, ಬೆನ್ನಿನವರೆಗೆ. ಕಾಕು ಎಡಗೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡಿದ್ದರು. ಬಕೆಟ್ಟು ತಂದೆ, ಬಿಸಿನೀರು ತಂದೆ. ಕೈಗವಸು ಎಲ್ಲಿದೆಯೋ ಸಿಗಲಿಲ್ಲ. ಉಸಿರು ಹಿಡಿದೇ ತೊಳೆದೆ, ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ.

ಸೆರಗಿನ ಒಳಗಿನಿಂದಲೇ ಕಾಕು ತೊದಲಿದರು. “ಹೇಸಿಗಿ ಆಗಾಕತ್ತದೇನವಾ?”

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವರ ಮುಂದೆ ಅಂಥ ಸುಳ್ಳು ನಡೆಯುವುದೂ ಇಲ್ಲ.

“ಇದೊಂದಕ್ಕೆ ದಾಳ ಇಲ್ಲ ಕಾಕು. ನೀವೇ ಹೇಳಿದ್ರಲ್ಲ.”

ಸೆರಗು ಸರಿಯಿತು. ಅರ್ಧ ಬಾಯಲ್ಲೇ ನಕ್ಕರು. ಹೊಸ ಸೀರೆ ಉಡಿಸಿ, ಹಾಸಿಗೆ ಬದಲಾಯಿಸಿ, ದಿಂಬಿಗೆ ಒರಗಿಸಿದಾಗ ಎಡಗೈ ಚಾಚಿ ನನ್ನ ಕೈ ಹಿಡಿದುಕೊಂಡರು. ಪ್ರೀತಿಗೆ ಹಿಡಿದರು ಎಂದುಕೊಂಡೆ. ಅವರು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಉಗುರು ನೋಡುತ್ತಿದ್ದರು.

“ಹೋಗು, ಸಾಬೂನ ಹಚ್ಚಿ ತೊಳ್ಕೊ,” ಎಂದರು. “ನಲ್ಲೀನೂ.”

ನಾನು ಹೋಗಿ, ಮೊಣಕೈಯಿಂದ ನಲ್ಲಿ ತಿರುಗಿಸಿದೆ.